ಬಾಲರ ಮಾತೂ ಪ್ರಮಾಣವಿಚಾರವೂ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

|| ಶ್ರೀ ಗುರುಬಸವಲಿಂಗಾಯ ನಮಃ ||

ಈ ಗೋಷ್ಠಿಯಲ್ಲಿ ಪ್ರಮಾಣವಿಚಾರವನ್ನು ಕುರಿತು ಮಾತನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಮೂವತ್ತು ವರ್ಷಗಳಿಂದ ಪಾಠಶಾಲೆಯಲ್ಲಿ ತರ್ಕವನ್ನು ಹೇಳಿಕೊಡುತ್ತಿರುವ ನನಗೆ ಈ ವಿಷಯವು ಹೊಸದಲ್ಲ. ಆದರೆ ಗ್ರಂಥದಲ್ಲಿಯೇ ಉಳಿದುಕೊಂಡ ಪ್ರಮಾಣವಿಚಾರವು ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ತಕ್ಕಡಿಯಂತೆ ನಿರರ್ಥಕವಾದುದು. ಆದುದರಿಂದ ಈ ಕಾಲದಲ್ಲಿ ಲೋಕವನ್ನೆಲ್ಲ ಕಲಕಿರುವ ಒಂದು ವಿವಾದವನ್ನು ತೆಗೆದುಕೊಂಡು ಆ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣವೆಂದು ಬಗೆದಿದ್ದೇನೆ. ಭೂಮಿಯ ವಾಯುಗುಣವು ಕೆಡುತ್ತಿರುವುದೆಂದು ಶಾಲೆಯ ಮಕ್ಕಳು ಬೀದಿಗಿಳಿದು ಕೂಗಿಕೊಂಡರಷ್ಟೆ. ಆ ಮಕ್ಕಳ ಮಾತನ್ನೂ, ಅವರು ನಂಬಿದ ವಿಜ್ಞಾನಿಗಳ ಮಾತನ್ನೂ ನಾವು ಯಾವ ನಿಯಮದಿಂದ ಸ್ವೀಕರಿಸಬೇಕು, ಯಾವ ನಿಯಮದಿಂದ ತಳ್ಳಬೇಕು ಎಂಬುದೇ ಪ್ರಕೃತ ವಿಷಯವು.

ಇತರರ ತಪ್ಪುಗಳನ್ನು ಎಣಿಸುವುದಕ್ಕೆ ಮುಂಚೆ ನನ್ನ ತಪ್ಪನ್ನು ಹೇಳಿಬಿಡುವುದು ಯುಕ್ತವು. 2019ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ ನಮ್ಮ ಪಾಠಶಾಲೆಯ ವಿದ್ಯಾರ್ಥಿಯೊಬ್ಬನು ವೃತ್ತಪತ್ರಿಕೆಯ ಹಾಳೆಯೊಂದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದನು. ಆ ತಿಂಗಳ 20ನೆಯ ತಾರೀಖು ಶುಕ್ರವಾರ ಅನೇಕ ದೇಶಗಳ ಮಕ್ಕಳು ಪಾಠ ಬಿಟ್ಟು ಬೀದಿಯಲ್ಲಿ ನಿಲ್ಲುವರೆಂತಲೂ, ಊರಿನ ಹುಡುಗರು ಕೆಲವರು ಹಾಗೆಯೇ ನಿಲ್ಲುವರೆಂತಲೂ, ತಾನೂ ಅವರೊಡನೆ ಇರಲು ಒಂದು ದಿನದ ರಜೆ ಬೇಕೆಂತಲೂ ಕೇಳಿದನು. ನಾನು ಅವನಿಗೆ, “ಐದು ಹೇತ್ವಾಭಾಸಗಳನ್ನು ತಡವರಿಸದೆ ಒಪ್ಪಿಸಲಾರೆ, ಲೋಕದ ಮಳೆಬಿಸಿಲುಗಳ ಚಿಂತೆ ನಿನಗೇತಕ್ಕೆ?” ಎಂದೆನು. ತರಗತಿಯವರೆಲ್ಲ ನಕ್ಕರು. ಅವನು ತಲೆ ತಗ್ಗಿಸಿ ತನ್ನ ಸ್ಥಳಕ್ಕೆ ಹೋಗಿ ಕುಳಿತನು. ಯುಕ್ತಿಯುಳ್ಳ ಮಾತು ಬಾಲನ ಬಾಯಿಂದ ಬಂದರೂ ಗ್ರಾಹ್ಯ, ಯುಕ್ತಿಯಿಲ್ಲದ ಮಾತು ವೃದ್ಧನ ಬಾಯಿಂದ ಬಂದರೂ ತ್ಯಾಜ್ಯ ಎಂಬ ಹಿರಿಯರ ನಿಯಮವನ್ನು ಅದೇ ವಾರದಲ್ಲಿ ನಾನೇ ಅವರಿಗೆ ಪಾಠ ಹೇಳಿದ್ದೆನು. ಆ ಹುಡುಗನು ಹೇಳಿದ ಹೇತುವು ಸರಿಯೇ ತಪ್ಪೇ ಎಂದು ನಾನು ವಿಚಾರಿಸಲಿಲ್ಲ. ಅವನ ವಯಸ್ಸನ್ನು ಮಾತ್ರ ವಿಚಾರಿಸಿದೆನು. ನಗುವಿನಿಂದ ಗೆದ್ದ ವಾದವು ಗೆದ್ದ ವಾದವಲ್ಲವೆಂಬುದು ಆ ರಾತ್ರಿ ನನಗೆ ಹೊಳೆಯಿತು.

ಈ ಚಳವಳಿಯು ಆರಂಭವಾದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ಯೂರೋಪು ಖಂಡದ ಉತ್ತರಭಾಗದಲ್ಲಿರುವ ಸ್ವೀಡನ್ ದೇಶದಲ್ಲಿ 2018ನೆಯ ಬೇಸಗೆಯು ಅತ್ಯಂತ ಉಗ್ರವಾಗಿದ್ದಿತು. ಹಿಮಕ್ಕೆ ಹೆಸರಾದ ಆ ನಾಡಿನ ಅರಣ್ಯಗಳು ಹೊತ್ತಿ ಉರಿದವು. ಆ ವರ್ಷದ ಆಗಸ್ಟ್ 20ನೆಯ ತಾರೀಖು ಗ್ರೇಟಾ ಥುನ್‌ಬರ್ಗ್ ಎಂಬ 15 ವರ್ಷದ ಬಾಲಿಕೆಯು ರಾಜಧಾನಿಯಾದ ಸ್ಟಾಕ್‌ಹೋಮ್ ಪಟ್ಟಣದ ಪಾರ್ಲಿಮೆಂಟಿನ ಮುಂದೆ, ವಾಯುಗುಣಕ್ಕಾಗಿ ಶಾಲಾಮುಷ್ಕರವೆಂದು ಬರೆದ ಹಲಗೆಯೊಂದನ್ನು ಇಟ್ಟುಕೊಂಡು ಒಬ್ಬಳೇ ಕುಳಿತಳು. ಸೆಪ್ಟೆಂಬರ್ 9ರಂದು ನಡೆದ ಚುನಾವಣೆಯವರೆಗೆ ಹೀಗೆ ಕುಳಿತಿದ್ದು, ತರುವಾಯ ಪ್ರತಿ ಶುಕ್ರವಾರವೂ ಅದನ್ನು ಮುಂದುವರಿಸಿದಳು. ಮರುವರ್ಷ ಮಾರ್ಚ್ 15ರಂದು ನಾನಾ ದೇಶಗಳಲ್ಲಿ ಶಾಲೆ ಬಿಟ್ಟು ನಿಂತ ಮಕ್ಕಳ ಸಂಖ್ಯೆಯು ಸಂಘಟಕರ ಎಣಿಕೆಯಂತೆ ಹತ್ತು ಲಕ್ಷವನ್ನು ಮೀರಿತು.

ಇದನ್ನು ಕಂಡ ಹಿರಿಯರು ಎರಡು ಪಂಗಡವಾದರು. ಆಸ್ಟ್ರೇಲಿಯಾ ದೇಶದ ಆಗಿನ ಪ್ರಧಾನಮಂತ್ರಿಗಳಾದ ಸ್ಕಾಟ್ ಮಾರಿಸನ್ನರು, ಶಾಲೆಗಳಲ್ಲಿ ಓದು ಹೆಚ್ಚಲಿ, ಚಳವಳಿಯು ಕಡಿಮೆಯಾಗಲಿ ಎಂಬ ಅಭಿಪ್ರಾಯವನ್ನು 2018ರ ನವೆಂಬರಿನಲ್ಲಿ ತಮ್ಮ ಪಾರ್ಲಿಮೆಂಟಿನಲ್ಲಿಯೇ ಹೇಳಿದರು. ಕೆಲವರು ಆ ಬಾಲಿಕೆಯ ಮುಖಭಾವವನ್ನೂ ದೇಹಸ್ಥಿತಿಯನ್ನೂ ಹಾಸ್ಯ ಮಾಡಿದರು. ಆಕೆಯ ಹಿಂದೆ ಮತ್ತಾರೋ ಇರುವರೆಂದರು. ಎರಡನೆಯ ಪಂಗಡದವರು ಆಕೆಯನ್ನು ಕಾರಣಪುರುಷರ ಸಾಲಿನಲ್ಲಿ ಕೂರಿಸಿ ಕೊಂಡಾಡಿದರು. ಇವೆರಡೂ ಮೇಲ್ನೋಟಕ್ಕೆ ವಿರುದ್ಧವಾದವುಗಳಾದರೂ ಇವುಗಳ ದೋಷವು ಒಂದೇ. ಇಬ್ಬರೂ ಮಾತನ್ನು ಬಿಟ್ಟು ಮಾತನಾಡಿದವಳನ್ನು ನೋಡಿದರು. ಆಕೆಯಾದರೋ 2019ರ ಸೆಪ್ಟೆಂಬರ್ 18ರಂದು ಅಮೆರಿಕಾ ದೇಶದ ಕಾಂಗ್ರೆಸ್ ಸಭೆಯ ಸಮಿತಿಗಳ ಮುಂದೆ ಸಾಕ್ಷಿ ಹೇಳಲು ಬಂದಾಗ, ತನ್ನ ಹೇಳಿಕೆಗೆ ಬದಲಾಗಿ ವಿಜ್ಞಾನಿಗಳ ವರದಿಯೊಂದನ್ನು ಸಭೆಯ ಮುಂದಿಟ್ಟು, ನನ್ನ ಮಾತನ್ನಲ್ಲ, ಇವರ ಮಾತನ್ನು ಕೇಳಿರಿ ಎಂಬುದಾಗಿ ತಿಳಿಸಿದಳು. ಆ ವರದಿಯು ವಿಶ್ವಸಂಸ್ಥೆಯ ಆಶ್ರಯದಲ್ಲಿ 1988ರಲ್ಲಿ ಸ್ಥಾಪಿತವಾದ ವಾಯುಗುಣ ಮಂಡಲಿಯು 2018ರ ಅಕ್ಟೋಬರಿನಲ್ಲಿ ಪ್ರಕಟಿಸಿದುದು. 40 ದೇಶಗಳ 91 ಮಂದಿ ಸೇರಿ ಸಿದ್ಧಪಡಿಸಿದುದು. 6,000ಕ್ಕೂ ಹೆಚ್ಚು ಪ್ರಬಂಧಗಳನ್ನು ಆಧಾರವಾಗಿ ಉಳ್ಳದ್ದು. ಆದುದರಿಂದ ವಿಚಾರಿಸಬೇಕಾದ ಪ್ರಶ್ನೆಯು ಬಾಲಿಕೆಯು ಯಾರು ಎಂಬುದಲ್ಲ, ಆಕೆ ಕೈ ತೋರಿಸಿದವರು ಆಪ್ತರೇ ಎಂಬುದು.

ಆಪ್ತನೆಂದರೆ ಯಾರು? ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಕೊಟ್ಟ ಲಕ್ಷಣವು ಎಲ್ಲ ಕಾಲಕ್ಕೂ ಸಲ್ಲತಕ್ಕದ್ದು. ವಸ್ತುವನ್ನು ಇದ್ದಂತೆ ಸಾಕ್ಷಾತ್ತಾಗಿ ಅರಿತಿರಬೇಕು. ಅರಿತುದನ್ನು ಅರಿತಂತೆಯೇ ಹೇಳುವ ಇಚ್ಛೆಯಿರಬೇಕು. ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಆತನೇ ಹೇಳಿರುವುದನ್ನು ನಾವು ಮರೆಯತಕ್ಕದ್ದಲ್ಲ. ಅಂದಮೇಲೆ ಪರದೇಶದವನೆಂಬ ಕಾರಣದಿಂದ ಒಬ್ಬನ ಮಾತನ್ನು ತಳ್ಳುವುದೂ ಶಾಸ್ತ್ರಸಮ್ಮತವಲ್ಲ; ಪರದೇಶದವನೆಂಬ ಕಾರಣದಿಂದಲೇ ತಲೆಬಾಗುವುದೂ ಶಾಸ್ತ್ರಸಮ್ಮತವಲ್ಲ. ಅರಿವುಂಟೇ, ಸತ್ಯವನ್ನು ಹೇಳುವ ಇಚ್ಛೆಯುಂಟೇ ಎಂಬ ಎರಡನ್ನೇ ನೋಡಬೇಕು.

ಮೊದಲು ಅರಿವಿನ ವಿಚಾರ. ಪರ್ವತದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ದೃಷ್ಟಾಂತವನ್ನು ಇಲ್ಲಿರುವ ಬಾಲಕರೂ ಬಲ್ಲರು. ಈಗಿನ ವಿಜ್ಞಾನಿಗಳ ಅನುಮಾನವೂ ಹೊಗೆಯದೇ. ಕಲ್ಲಿದ್ದಲು, ಎಣ್ಣೆ ಮೊದಲಾದವುಗಳನ್ನು ಉರಿಸಿದಾಗ ಕಾರ್ಬನ್ ಡೈಆಕ್ಸೈಡ್ ಎಂದು ಕರೆಯಲ್ಪಡುವ ಇಂಗಾಲಾಮ್ಲ ವಾಯುವು ಹುಟ್ಟುವುದು. 1856ರಲ್ಲಿ ಅಮೆರಿಕಾದ ಯೂನಿಸ್ ಫೂಟ್ ಎಂಬ ವಿದುಷಿಯು ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ವಾಯುಗಳನ್ನು ತುಂಬಿ ಬಿಸಿಲಿನಲ್ಲಿಟ್ಟು, ಈ ವಾಯುವುಳ್ಳ ಕೊಳವೆಯೇ ಹೆಚ್ಚು ಕಾದುದನ್ನು ಕಂಡಳು. 1859ರಲ್ಲಿ ಲಂಡನ್ನಿನ ಜಾನ್ ಟಿಂಡಲನು ಇದು ಭೂಮಿಯಿಂದ ಹೊರಡುವ ಶಾಖವನ್ನು ಹೀರಿಕೊಳ್ಳುವುದೆಂಬುದನ್ನು ಯಂತ್ರದಿಂದ ಅಳೆದನು. ಆ ಬಾಲಿಕೆಯು ಕುಳಿತ ಸ್ಟಾಕ್‌ಹೋಮ್ ಪಟ್ಟಣದಲ್ಲಿಯೇ 1896ರಲ್ಲಿ ಸ್ವಾಂಟೆ ಅರ್ಹೀನಿಯಸ್ ಎಂಬ ಪಂಡಿತನು, ಈ ವಾಯುವು ಎರಡರಷ್ಟಾದರೆ ಭೂಮಿಯ ಶಾಖವು 5-6 ಡಿಗ್ರಿ ಏರುವುದೆಂದು ಗಣಿಸಿದನು. ಇಂದಿನ ಗಣನೆಯಲ್ಲಿ ಆ ಏರಿಕೆಯು ಸುಮಾರು 3 ಡಿಗ್ರಿ. ಸಂಖ್ಯೆಯು ತಿದ್ದಲ್ಪಟ್ಟಿತು, ವ್ಯಾಪ್ತಿಯು ಉಳಿಯಿತು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಚಾರ್ಲ್ಸ್ ಕೀಲಿಂಗನು 1958ರಲ್ಲಿ ಅಳೆಯತೊಡಗಿದಾಗ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಈ ವಾಯುವು ಸುಮಾರು 315 ಪಾಲು ಇದ್ದಿತು. 2024ನೆಯ ವರ್ಷದ ಸರಾಸರಿಯು 424 ಪಾಲು. ದಕ್ಷಿಣಧ್ರುವದ ಹಿಮದೊಳಗೆ ಸಿಕ್ಕಿಕೊಂಡಿರುವ ಪುರಾತನ ವಾಯುಗುಳ್ಳೆಗಳನ್ನು ಪರೀಕ್ಷಿಸಿದಾಗ, ಹಿಂದಿನ 8,00,000 ವರ್ಷಗಳಲ್ಲಿ ಇಷ್ಟು ಪ್ರಮಾಣವು ಒಮ್ಮೆಯೂ ಇರಲಿಲ್ಲವೆಂದು ಕಂಡುಬಂದಿದೆ.

ಇದಕ್ಕೆ ಪೂರ್ವಪಕ್ಷವುಂಟು. ಸೂರ್ಯನೇ ಹೆಚ್ಚು ಕಾಯುತ್ತಿರಬಾರದೇಕೆ ಎಂದು ಕೇಳಬಹುದು. ಇದು ಒಳ್ಳೆಯ ಪ್ರಶ್ನೆಯೇ. ವಿಜ್ಞಾನಿಗಳೂ ಇದನ್ನು ಕೇಳಿಕೊಂಡರು. ಸೂರ್ಯನು ಕಾರಣವಾದ ಪಕ್ಷದಲ್ಲಿ ವಾಯುಮಂಡಲದ ಮೇಲಣ ಪದರವೂ ಕೆಳಗಣ ಪದರವೂ ಕೂಡಿಯೇ ಕಾಯಬೇಕು. ಕಂಬಳಿಯಂತೆ ಶಾಖವನ್ನು ತಡೆಯುವ ವಾಯುವು ಕಾರಣವಾದ ಪಕ್ಷದಲ್ಲಿ ಕೆಳಗಣ ಪದರವು ಕಾಯಬೇಕು, ಮೇಲಣದು ತಣಿಯಬೇಕು. ಹೀಗೆ ಆಗತಕ್ಕದ್ದೆಂದು ಸ್ಯುಕುರೊ ಮನಾಬೆ ಎಂಬ ಜಪಾನೀ ಮೂಲದ ಪಂಡಿತನೂ ಆತನ ಸಹೋದ್ಯೋಗಿಯೂ 1967ರಲ್ಲಿಯೇ ಗಣಿಸಿದ್ದರು. ತರುವಾಯ ಕೃತಕ ಉಪಗ್ರಹಗಳಿಂದ ಅಳೆದಾಗ ಕೆಳಗೆ ಕಾದು ಮೇಲೆ ತಣಿದಿರುವುದೇ ಕಂಡುಬಂದಿತು. ಇದನ್ನೇ ನಾವು ಅನ್ವಯ ವ್ಯತಿರೇಕಗಳಿಂದ ಹೇತುವನ್ನು ಶೋಧಿಸುವುದೆಂದು ಹೇಳುವೆವು. ಮಾತು ಮೊದಲು ಹೊರಟು ಪ್ರತ್ಯಕ್ಷವು ಆಮೇಲೆ ಬಂದು ಅದಕ್ಕೆ ಸಾಕ್ಷಿ ನುಡಿದಲ್ಲಿ, ಆ ಮಾತನ್ನು ಅರಿವಿಲ್ಲದವನ ಮಾತೆಂದು ಹೇಗೆ ಹೇಳೋಣ?

ಇನ್ನು ಎರಡನೆಯದು, ಸತ್ಯವನ್ನು ಹೇಳುವ ಇಚ್ಛೆ. ಇಲ್ಲಿ ಮುಚ್ಚುಮರೆ ಮಾಡದೆ ಮಾತನಾಡಬೇಕು, ಏಕೆಂದರೆ ವಿಜ್ಞಾನಿಗಳೂ ಎಡವಿದ್ದಾರೆ. ವಾಯುಗುಣ ಮಂಡಲಿಯು 2007ರಲ್ಲಿ ಪ್ರಕಟಿಸಿದ ವರದಿಯ ಒಂದು ಅಧ್ಯಾಯದಲ್ಲಿ ಹಿಮಾಲಯದ ಹಿಮನದಿಗಳು 2035ನೆಯ ಇಸವಿಯ ಹೊತ್ತಿಗೆ ಕರಗಿಹೋಗಬಹುದೆಂದು ಬರೆಯಲ್ಪಟ್ಟಿತು. ಅದಕ್ಕೆ ತಕ್ಕ ಆಧಾರವಿರಲಿಲ್ಲ. 2009ರಲ್ಲಿ ನಮ್ಮ ಭಾರತದ ಭೂಗರ್ಭಶಾಸ್ತ್ರಜ್ಞರಾದ ವಿ. ಕೆ. ರೈನಾ ಅವರ ಚರ್ಚಾಪತ್ರವೊಂದನ್ನು ಕೇಂದ್ರ ಪರಿಸರ ಮಂತ್ರಾಲಯವು ಪ್ರಕಟಿಸಿ ಸಂದೇಹವನ್ನು ಎತ್ತಿದಾಗ, ಮಂಡಲಿಯ ಆಗಿನ ಅಧ್ಯಕ್ಷರು ಅದನ್ನು ಕಟುಶಬ್ದಗಳಿಂದ ತಳ್ಳಿಹಾಕಿದರು. ಆದರೆ 2010ರ ಜನವರಿಯಲ್ಲಿ ಆ ಮಂಡಲಿಯೇ ತಪ್ಪನ್ನು ಒಪ್ಪಿಕೊಂಡು ವಿಷಾದವನ್ನು ಪ್ರಕಟಿಸಬೇಕಾಯಿತು. ಹಿಮನದಿಗಳು ಕರಗುತ್ತಿರುವುದು ದಿಟ. ಆ ಇಸವಿಯು ಮಾತ್ರ ಸಟೆ. ಅದೇ ಕಾಲದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳ ಪತ್ರಗಳನ್ನು ಯಾರೋ ಕದ್ದು ಬಹಿರಂಗಪಡಿಸಿದಾಗ, ಲೆಕ್ಕಗಳನ್ನು ತಿರುಚಿದರೆಂಬ ಕೂಗೆದ್ದಿತು. 2010ರಲ್ಲಿ ನಡೆದ ವಿಚಾರಣೆಗಳು ಅವರ ಪ್ರಾಮಾಣಿಕತೆಯಲ್ಲಿ ಸಂದೇಹವಿಲ್ಲವೆಂದು ನಿರ್ಣಯಿಸಿದವು; ಕೇಳಿದವರಿಗೆ ಲೆಕ್ಕಗಳನ್ನು ತೆರೆದು ತೋರಿಸುವ ಔದಾರ್ಯವು ಸಾಲದಾಗಿತ್ತೆಂದೂ ಹೇಳಿದವು.

ಇವುಗಳಿಂದ ಏನು ಸಿದ್ಧಿಸುವುದು? ತಪ್ಪು ಮಾಡದವನು ಆಪ್ತನೆಂದು ಲಕ್ಷಣ ಹೇಳಿದರೆ ಲೋಕದಲ್ಲಿ ಆಪ್ತನೇ ಇಲ್ಲದೆ ಹೋದಾನು. ತನ್ನ ಲೆಕ್ಕದ ಪುಸ್ತಕವನ್ನು ಎಲ್ಲರ ಮುಂದೆ ತೆರೆದಿಟ್ಟು, ತಪ್ಪನ್ನು ತೋರಿಸಿದವನಿಗೆ ಬೆಲೆ ಕೊಟ್ಟು, ತಿದ್ದಿಕೊಳ್ಳುವವನನ್ನೇ ನಂಬತಕ್ಕದ್ದು. 2018ರ ಆ ವರದಿಗೆ ಮುಂಚೆ ಪರೀಕ್ಷಕರಿಂದಲೂ ಸರ್ಕಾರಗಳಿಂದಲೂ ಬಂದ ಆಕ್ಷೇಪ ಸಲಹೆಗಳು 42,001. ಇಷ್ಟು ಪೂರ್ವಪಕ್ಷಗಳನ್ನು ಕರೆದು ಕೂರಿಸಿಕೊಂಡ ಸಿದ್ಧಾಂತವನ್ನು, ಒಂದು ಪೂರ್ವಪಕ್ಷವನ್ನೂ ಕೇಳದೆ ನಕ್ಕು ತಳ್ಳುವುದು ಪಾಂಡಿತ್ಯವಲ್ಲ. ವಿಜ್ಞಾನದಲ್ಲಿ ವಿಶ್ವಾಸವಿಡುವುದೆಂದರೆ ವ್ಯಕ್ತಿಗೆ ಶರಣಾಗುವುದಲ್ಲ. ಪರೀಕ್ಷೆಗೆ ತನ್ನನ್ನು ಒಪ್ಪಿಸಿಕೊಂಡ ಒಂದು ಪದ್ಧತಿಯನ್ನು ಒಪ್ಪುವುದು.

ನ್ಯಾಯಸೂತ್ರಗಳಲ್ಲಿ ಕಥೆಯು, ಎಂದರೆ ಪಂಡಿತರ ಚರ್ಚೆಯು, ಮೂರು ವಿಧವೆಂದು ಹೇಳಿದೆ. ತತ್ತ್ವವನ್ನು ತಿಳಿಯಲು ಮಾಡುವುದು ವಾದ. ಗೆಲ್ಲುವುದಕ್ಕಾಗಿ ಮಾಡುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡಿಸುವುದಷ್ಟನ್ನೇ ಮಾಡುವುದು ವಿತಂಡ. ವಾಯುಗುಣದ ವಿಷಯದಲ್ಲಿ ಅನೇಕ ವರ್ಷಗಳ ಕಾಲ ಲೋಕದಲ್ಲಿ ನಡೆದ ಚರ್ಚೆಯಲ್ಲಿ ವಿತಂಡದ ಪಾಲು ಬಲು ದೊಡ್ಡದು. ಶಾಖವು ಏಕೆ ಏರಿತೆಂಬುದಕ್ಕೆ ತಮ್ಮದೊಂದು ಕಾರಣವನ್ನು ಹೇಳಿ ಅದನ್ನು ಪರೀಕ್ಷೆಗೆ ಒಡ್ಡದೆ, ಇನ್ನೂ ನಿಶ್ಚಯವಿಲ್ಲ, ಇನ್ನೂ ನಿಶ್ಚಯವಿಲ್ಲ ಎಂದು ಹೇಳುತ್ತ ಕಾಲವನ್ನು ಕಳೆದವರು ಬಹುಮಂದಿ. ಅಮೆರಿಕಾದ ಎಕ್ಸಾನ್ ಎಂಬ ಎಣ್ಣೆಯ ಕಂಪನಿಯ ಸ್ವಂತ ವಿಜ್ಞಾನಿಗಳು 1977ರಿಂದ ಮಾಡಿದ ಗಣನೆಗಳಲ್ಲಿ ಬಹುಪಾಲು ಸರಿಯಾಗಿಯೇ ಇದ್ದವೆಂದೂ, ಕಂಪನಿಯು ಬಹಿರಂಗದಲ್ಲಿ ಮಾತ್ರ ಸಂದೇಹವನ್ನೇ ಎತ್ತಿ ಹೇಳುತ್ತಿದ್ದಿತೆಂದೂ 2023ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪರಿಶೀಲನೆಯೊಂದು ತೋರಿಸಿತು. ಅರಿವಿದ್ದೂ ಅರಿತಂತೆ ಹೇಳುವ ಇಚ್ಛೆಯಿಲ್ಲದವನು ಎಷ್ಟು ಬಲ್ಲವನಾದರೂ ಆಪ್ತನಲ್ಲ.

ಆದರೆ ತಕ್ಕಡಿಯು ಒಂದೇ ಕಡೆಗೆ ವಾಲಬಾರದು. ತರುಣರ ಪಕ್ಷದಲ್ಲಿಯೂ ದೋಷಗಳುಂಟು. ವಿಜ್ಞಾನಿಗಳು 2030ರೊಳಗೆ ಈ ವಾಯುವಿನ ಹೊರಸೂಸುವಿಕೆಯನ್ನು 2010ರ ಮಟ್ಟದಿಂದ ನೂರಕ್ಕೆ ಸುಮಾರು 45ರಷ್ಟು ತಗ್ಗಿಸಿದಲ್ಲಿ ಮಾತ್ರ ಶಾಖದ ಏರಿಕೆಯನ್ನು ಒಂದೂವರೆ ಡಿಗ್ರಿಗೆ ನಿಲ್ಲಿಸುವ ದಾರಿಯುಂಟೆಂದು ಹೇಳಿದುದನ್ನು, ಹನ್ನೆರಡು ವರ್ಷಗಳಲ್ಲಿ ಲೋಕವೇ ಮುಗಿಯುವುದೆಂದು ಕೆಲವರು ಸಾರಿದರು. ಇದು ಹೇತುವನ್ನು ಮೀರಿದ ಸಾಧ್ಯ. 2022ರ ಅಕ್ಟೋಬರಿನಲ್ಲಿ ಲಂಡನ್ನಿನ ಚಿತ್ರಶಾಲೆಯಲ್ಲಿ ವ್ಯಾನ್ ಗೋನ ಸೂರ್ಯಕಾಂತಿ ಚಿತ್ರದ ಗಾಜಿನ ಮೇಲೆ ಸಾರನ್ನು ಎರಚಿದವರು, ನೋಡಿದವರ ಮನಸ್ಸನ್ನು ವಾಯುಗುಣದ ಕಡೆಗೆ ತಿರುಗಿಸುವ ಬದಲು ಸಾರಿನ ಕಡೆಗೆ ತಿರುಗಿಸಿದರು. ಮತ್ತೊಂದು ಮಾತು. ಇದಾದರೆ ಅದಾಗುವುದೆಂದು ವಿಜ್ಞಾನವು ಹೇಳಬಲ್ಲದೇ ಹೊರತು, ಭಾರವನ್ನು ಯಾರು ಹೊರಬೇಕೆಂಬುದನ್ನು ಹೇಳಲಾರದು. ವರ್ಷಕ್ಕೆ ತಲೆಯೊಂದಕ್ಕೆ ಭಾರತದವನು ಸುಮಾರು 2 ಟನ್, ಅಮೆರಿಕಾದವನು ಸುಮಾರು 14 ಟನ್ ಇಂಗಾಲಾಮ್ಲವನ್ನು ಹೊರಬಿಡುವಾಗ, ಇಬ್ಬರಿಗೂ ಒಂದೇ ತೂಕದ ಹೊರೆಯನ್ನು ಹೊರಿಸುವುದು ನ್ಯಾಯವೇ ಎಂಬುದು ಉಷ್ಣಮಾಪಕದಿಂದ ನಿರ್ಣಯವಾಗುವ ವಿಷಯವಲ್ಲ. ಅದು ಧರ್ಮಾಧರ್ಮಗಳ ವಿಚಾರ. ವಿಜ್ಞಾನವು ಹೇಳಿದೆಯೆಂದು ಹೇಳಿ ಈ ವಿಚಾರವನ್ನು ಮುಚ್ಚಿಹಾಕುವವರನ್ನೂ ನಾವು ಪ್ರಶ್ನಿಸತಕ್ಕದ್ದೇ.

ಮಕ್ಕಳು ಬೀದಿಯಲ್ಲಿ ಕೂಗಿದರಷ್ಟೆ, ಅದರಿಂದ ಫಲವೇನಾಯಿತೆಂದು ಕೇಳುವವರುಂಟು. ಬೀದಿಯಿಂದ ಅವರಲ್ಲಿ ಕೆಲವರು ನ್ಯಾಯಾಸ್ಥಾನಕ್ಕೆ ಹೋದರು. ಅಲ್ಲಿ ನಗುವು ಪ್ರಮಾಣವಾಗುವುದಿಲ್ಲ. ಅಮೆರಿಕಾದ ಮೊಂಟಾನಾ ರಾಜ್ಯದಲ್ಲಿ 16 ಮಂದಿ ಮಕ್ಕಳೂ ತರುಣರೂ ತಮ್ಮ ಸರ್ಕಾರದ ಮೇಲೆ ಹೂಡಿದ ದಾವೆಯಲ್ಲಿ, ರಾಜ್ಯದ ಪಕ್ಷದವರು ಸಾಕ್ಷಿಯಾಗಿ ಗೊತ್ತುಮಾಡಿದ್ದ ವಾಯುಗುಣ ತಜ್ಞರನ್ನು ಕೊನೆಗೆ ಕರೆಯಲೇ ಇಲ್ಲ. 2023ರ ಆಗಸ್ಟಿನಲ್ಲಿ ತೀರ್ಪು ಮಕ್ಕಳ ಪರವಾಗಿ ಬಂದಿತು. ಮರುವರ್ಷದ ಡಿಸೆಂಬರಿನಲ್ಲಿ ಆ ರಾಜ್ಯದ ಉಚ್ಚತಮ ನ್ಯಾಯಾಸ್ಥಾನವು ಅದನ್ನು ಎತ್ತಿಹಿಡಿಯಿತು. 2024ರ ಏಪ್ರಿಲ್ 9ರಂದು ಯೂರೋಪಿನ ಮಾನವಹಕ್ಕುಗಳ ನ್ಯಾಯಾಸ್ಥಾನವು ಪೋರ್ಚುಗಲ್ಲಿನ ಆರು ಮಂದಿ ತರುಣರ ಅರ್ಜಿಯನ್ನು, ಸ್ವದೇಶದ ನ್ಯಾಯಾಸ್ಥಾನಗಳಿಗೆ ಮೊದಲು ಹೋಗಲಿಲ್ಲವೆಂಬುದೇ ಮೊದಲಾದ ಕಾರಣಗಳಿಂದ ಸ್ವೀಕರಿಸದೆ ಹೋಯಿತು. ಅದೇ ದಿನ, ಸ್ವಿಟ್ಜರ್ಲೆಂಡಿನ ವೃದ್ಧಸ್ತ್ರೀಯರ ಸಂಘವು ತಂದ ವ್ಯಾಜ್ಯದಲ್ಲಿ ಆ ಸಂಘದ ಪರವಾಗಿ ತೀರ್ಪಿತ್ತಿತು. ಬಾಲರ ಗೋಳೆಂದು ಹಲವರು ಬಗೆದಿದ್ದುದು ಅಜ್ಜಿಯಂದಿರ ಗೋಳೂ ಆಗಿದ್ದಿತು.

ಕಡೆಯ ದೃಷ್ಟಾಂತವು ನನ್ನನ್ನು ಬಹಳವಾಗಿ ನಾಟಿತು. ಶಾಂತಸಾಗರದ ವನುವಾಟು ಎಂಬ ದ್ವೀಪರಾಜ್ಯದಲ್ಲಿ 2019ರಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದ 27 ಮಂದಿ ವಿದ್ಯಾರ್ಥಿಗಳು, ದೇಶಗಳಿಗೆ ಈ ವಿಷಯದಲ್ಲಿ ಇರುವ ಕರ್ತವ್ಯವೇನೆಂದು ಅಂತರರಾಷ್ಟ್ರೀಯ ನ್ಯಾಯಾಸ್ಥಾನವನ್ನೇ ಏಕೆ ಕೇಳಬಾರದೆಂದು ಯೋಚಿಸಿದರು. ಅವರ ಸರ್ಕಾರವು ಆ ಮಾತನ್ನು ನಗದೆ ಕೇಳಿತು, ವಿಶ್ವಸಂಸ್ಥೆಗೆ ಒಯ್ದಿತು. 2023ರ ಮಾರ್ಚಿನಲ್ಲಿ ಮಹಾಸಭೆಯು ಆ ಪ್ರಶ್ನೆಯನ್ನು ಒಮ್ಮತದಿಂದ ನ್ಯಾಯಾಸ್ಥಾನಕ್ಕೆ ಕಳುಹಿಸಿತು. 2025ರ ಜುಲೈ 23ರಂದು ಹೇಗ್ ಪಟ್ಟಣದಲ್ಲಿ ನ್ಯಾಯಾಧೀಶರೆಲ್ಲರೂ ಏಕಕಂಠದಿಂದ, ವಾಯುಗುಣವನ್ನು ಹಾನಿಯಿಂದ ಕಾಪಾಡುವುದು ದೇಶಗಳಿಗೆ ವಿಧಿಬದ್ಧವಾದ ಕರ್ತವ್ಯವೆಂದು ಅಭಿಪ್ರಾಯವಿತ್ತರು. ಮಹಾಶಯರೇ, ಇಸವಿಯನ್ನು ಗಮನಿಸಬೇಕು. ಅಲ್ಲಿ ಆ ತರಗತಿಯಲ್ಲಿ ಈ ಪ್ರಶ್ನೆಯು ಹುಟ್ಟಿದ ವರ್ಷದಲ್ಲಿಯೇ ನಮ್ಮ ತರಗತಿಯಲ್ಲಿಯೂ ಒಂದು ಪ್ರಶ್ನೆಯು ಹುಟ್ಟಿದ್ದಿತು. ಅಲ್ಲಿಯ ಹಿರಿಯರು ಕೇಳಿದರು. ಇಲ್ಲಿ ನಾನು ನಗಿಸಿದೆನು.

ನಾನು ಆ ದಿನ ಅವನಿಗೆ ರಜೆ ಕೊಡಲೇಬೇಕಾಗಿತ್ತೆಂದು ಹೇಳುವುದಿಲ್ಲ. ಪಾಠ ಬಿಡುವುದು ಸಣ್ಣ ವಿಷಯವಲ್ಲ. ಕೊಡದಿರುವುದಕ್ಕೂ ಕಾರಣಗಳು ಇದ್ದಿರಬಹುದು. ಆದರೆ ನಾನು ಅವನನ್ನು ಕುಳ್ಳಿರಿಸಿ, “ನಿನ್ನ ಪ್ರತಿಜ್ಞೆ ಯಾವುದು? ಹೇತು ಯಾವುದು? ದೃಷ್ಟಾಂತ ಯಾವುದು?” ಎಂದು ಕೇಳಬೇಕಾಗಿದ್ದಿತು. ಅವನು ಉತ್ತರ ಕೊಟ್ಟಿದ್ದರೆ ನಾನು ಕಲಿಯುತ್ತಿದ್ದೆನು. ಕೊಡಲಾರದಿದ್ದರೆ ಅವನು ಕಲಿಯುತ್ತಿದ್ದನು. ಎರಡು ಬಗೆಯಲ್ಲಿಯೂ ಪಾಠಶಾಲೆಯು ಪಾಠಶಾಲೆಯಾಗಿರುತ್ತಿದ್ದಿತು. ಅವನು ಮರುವರ್ಷ ವಿದ್ಯಾಭ್ಯಾಸವನ್ನು ಮುಗಿಸಿ ಹೊರಟುಹೋದನು. ಅವನಿಗೆ ಹೇಳಬೇಕಾಗಿದ್ದ ಮಾತನ್ನು ಈ ಸಭೆಯ ಮುಂದೆ ಹೇಳುತ್ತಿದ್ದೇನೆ.

ವಿದ್ಯಾರ್ಥಿಗಳೇ, ಕೂಗುವುದಕ್ಕೆ ಮುಂಚೆ ಓದಿರಿ. ವಿಜ್ಞಾನಿಗಳು ಹೇಳಿದಷ್ಟನ್ನೇ ಹೇಳಿರಿ, ಒಂದು ಕಾಳು ಹೆಚ್ಚಾಗಿಯೂ ಬೇಡ, ಕಡಿಮೆಯಾಗಿಯೂ ಬೇಡ. ಹಿರಿಯರೇ, ಬಾಲರು ಬಂದು ಕೇಳಿದಾಗ ಅವರ ವಯಸ್ಸನ್ನು ಎಣಿಸದೆ ಅವರ ಹೇತುವನ್ನು ಎಣಿಸಿರಿ. ನಾವು ಬಿಟ್ಟುಹೋಗುವ ಗಾಳಿಯನ್ನೇ ಅವರು ಉಸಿರಾಡತಕ್ಕವರು. ಆದುದರಿಂದ ನಮ್ಮ ಲೆಕ್ಕವನ್ನು ಕೇಳುವ ಅಧಿಕಾರವು ಅವರಿಗುಂಟು, ತೆರೆದು ತೋರಿಸುವ ಋಣವು ನಮಗುಂಟು.



|| ಮಂಗಳಮಸ್ತು ||